ವಿಮಾನವೂ ಯಾತ್ರೆಯ ಪುಣ್ಯವೂ
ಯಾತ್ರೆಯ ಫಲವಿರುವುದು ನಡೆದ ದಾರಿಯಲ್ಲೋ ಪಡೆದ ದರ್ಶನದಲ್ಲೋ ಎಂಬ ಹಳೆಯ ಜಿಜ್ಞಾಸೆಗೆ, ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಹೊಸ ಮಗ್ಗುಲೊಂದನ್ನು ಒದಗಿಸಿತು. ಪುಕ್ಕಟೆ ಊಟವನ್ನು ಕೈಬಿಟ್ಟು ದರ ಇಳಿಸಿದ ಈ ಸಂಸ್ಥೆ, ಚಿಕ್ಕ ರನ್‌ವೇಯಲ್ಲೂ ಇಳಿಯಬಲ್ಲ ಎಟಿಆರ್ ಎಂಬ ಪ್ರೊಪೆಲರ್ ವಿಮಾನಗಳನ್ನು ನೆಚ್ಚಿ, ಬಸ್ಸು ರೈಲುಗಳ ಪ್ರಯಾಣಿಕರನ್ನೂ ಆಕಾಶಕ್ಕೇರಿಸಿ, 2008ರಲ್ಲಿ ಕಿಂಗ್‌ಫಿಷರ್ ವಿಮಾನಯಾನ ಸಂಸ್ಥೆಯಲ್ಲಿ ಲೀನವಾಯಿತು. 2010ರಲ್ಲಿ ಕಿಂಗ್‌ಫಿಷರ್‌ನ ಎಟಿಆರ್ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಬರತೊಡಗಿದಾಗ ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಗೆ ಉಳಿದದ್ದು, ಆ ನಿಲ್ದಾಣದ ಮಗ್ಗುಲಲ್ಲೇ ಹಾಯುವ ಹೆದ್ದಾರಿಯ ಅರ್ಧ ಗಂಟೆಯ ಹಾದಿ ಮಾತ್ರ. ಆದರೆ ಅಲ್ಲಿನ ಕಪಿಲಾ ನದಿಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ಉರುಳುಸೇವೆಯನ್ನು, ಅಂದರೆ ನೆಲದ ಮೇಲೆ ಹೊರಳುತ್ತ ದೇಗುಲ ಸುತ್ತುವ ಹರಕೆಯನ್ನು, ಸಲ್ಲಿಸುವವರ ಮೈನೋವನ್ನು ಯಾವ ಟಿಕೆಟ್ಟೂ ತಗ್ಗಿಸಲಾರದು. ಹಾಗಾಗಿ ವೇಗವು ಪುಣ್ಯವನ್ನು ಕದಿಯುತ್ತದೆಂಬ ಆಕ್ಷೇಪ ಅರ್ಧಸತ್ಯವೇ ಸರಿ. ಕಾವೇರಿ, ಕಪಿಲೆಗಳ ಜೊತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡುತ್ತದೆಂದು ನಂಬಲಾಗುವ ತಿರುಮಕೂಡಲು ನರಸೀಪುರದಲ್ಲಿ 1989ರಿಂದ ನಡೆಯುತ್ತಿರುವ ಕುಂಭಮೇಳದಲ್ಲಂತೂ, ಹಾರಿ ಬಂದವರೂ ನಡೆದು ಬಂದವರೂ ಮುಳುಗುವುದು ಒಂದೇ ನೀರಿನಲ್ಲಿ.