ಮಗುವಿನ ರಕ್ತನಾಳ ಕಿರಿದಾದರೆ ತಪ್ಪು ಯಾರದು?

ಹುಟ್ಟುಕುರುಡನೊಬ್ಬನನ್ನು ದಾರಿಯಲ್ಲಿ ಕಂಡಾಗ ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ ಪ್ರಶ್ನೆ ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿದೆ. ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು, ಇವನೋ ಅಥವಾ ಇವನ ಹೆತ್ತವರೋ ಎಂದು ಅವರಿಗೆ ತಿಳಿಯಬೇಕಿತ್ತು. ಆ ಶಿಷ್ಯರನ್ನು ನಾವು ಹಗುರವಾಗಿ ಕಾಣಬೇಕಾಗಿಲ್ಲ. ಎರಡು ಸಾವಿರ ವರ್ಷಗಳ ನಂತರವೂ ನಮ್ಮ ಮನೆಗಳಲ್ಲಿ ಅದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. ಗ್ರಹಣದ ದಿನ ಆಕೆ ಹೊರಗೆ ಬಂದಿದ್ದಳಂತೆ, ವೇಳಾಂಗಣಿ ಮಾತೆಗೆ ಹೊತ್ತ ಹರಕೆ ತೀರಿಸಿರಲಿಲ್ಲವಂತೆ, ಅಜ್ಜ ಯಾರದೋ ಜಮೀನು ನುಂಗಿದ್ದನಂತೆ. ಜಪಸರ ಕೈಯಲ್ಲಿ ಹಿಡಿದುಕೊಂಡೇ ಈ ಮಾತುಗಳನ್ನು ಆಡುವವರಿದ್ದಾರೆ.

ಕೆಲವು ವರ್ಷಗಳ ಹಿಂದೆ ತಾಯಿಯೊಬ್ಬರು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಗುರುನಿವಾಸಕ್ಕೆ ಬಂದರು. ಅವರ ಒಂಬತ್ತು ವರ್ಷದ ಮಗಳಿಗೆ ಆಗಾಗ ತಲೆನೋವು, ಮೂಗಿನಲ್ಲಿ ರಕ್ತ, ಸ್ವಲ್ಪ ಓಡಿದರೆ ಕಾಲು ಸೆಳೆತ. ಶಾಲೆಗೆ ಬಂದ ವೈದ್ಯರು ತೋಳಿನಲ್ಲಿ ರಕ್ತದೊತ್ತಡ ನೋಡಿ ಹುಬ್ಬೇರಿಸಿದರು, ತೊಡೆಸಂದಿನ ನಾಡಿ ಹಿಡಿದು ಇನ್ನಷ್ಟು ಹುಬ್ಬೇರಿಸಿದರು. ಎಕೋ ಪರೀಕ್ಷೆಯಲ್ಲಿ ಹೃದಯದ ಮಹಾಪಧಮನಿ ಹುಟ್ಟಿನಿಂದಲೇ ಒಂದೆಡೆ ಕಿರಿದಾಗಿದೆ ಎಂದು ತಿಳಿಯಿತು. "ಫಾದರ್, ಬಸುರಿಯಾಗಿದ್ದಾಗ ನಾನು ಏನು ತಪ್ಪು ಮಾಡಿದೆ?" ಎಂದು ಆ ತಾಯಿ ಕೇಳಿದರು. ಶಸ್ತ್ರಚಿಕಿತ್ಸೆಯ ಖರ್ಚಿನ ಚಿಂತೆಗಿಂತ ಅತ್ತೆಯ ಒಂದು ಮಾತು ಅವರನ್ನು ಹೆಚ್ಚು ಸುಡುತ್ತಿತ್ತು. ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ ಎಂಬ ಮಾತು ಅದು.

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಕಾಯಿಲೆಯನ್ನು ಸ್ವಲ್ಪ ಅರ್ಥಮಾಡಿಕೊಳ್ಳೋಣ. ದೇವರು ಸೃಷ್ಟಿಸಿದ ದೇಹವನ್ನು ತಿಳಿಯದೆ ದೇವರ ನ್ಯಾಯದ ಬಗ್ಗೆ ತೀರ್ಪು ಹೇಳುವುದು ನಮ್ಮಲ್ಲಿ ಬಹಳ ಹಳೆಯ ಚಾಳಿ.

ಹೃದಯದ ಎಡಭಾಗದಿಂದ ಹೊರಡುವ ದೊಡ್ಡ ರಕ್ತನಾಳವೇ ಮಹಾಪಧಮನಿ, ವೈದ್ಯರ ಮಾತಿನಲ್ಲಿ ಅಯೋರ್ಟಾ. ಅದು ಮೇಲಕ್ಕೆ ಹೋಗಿ, ಕೊಡೆಯ ಹಿಡಿಯಂತೆ ಬಾಗಿ, ತಲೆಗೂ ತೋಳುಗಳಿಗೂ ಕವಲು ಕೊಟ್ಟು, ಬೆನ್ನುಮೂಳೆಯ ಪಕ್ಕದಲ್ಲಿ ಕೆಳಗಿಳಿಯುತ್ತದೆ. ಎಡತೋಳಿನ ಕವಲು ದಾಟಿದ ಕೂಡಲೇ, ನಾಳದ ಅಲ್ಲೊಂದು ಜಾಗದಲ್ಲಿ ಕೆಲವು ಮಕ್ಕಳಿಗೆ ದಾರ ಕಟ್ಟಿ ಬಿಗಿದಂಥ ಕಿರಿದು ಇರುತ್ತದೆ. ಇದನ್ನು ಕೊಆರ್ಕ್ಟೇಶನ್ ಎನ್ನುತ್ತಾರೆ. ಹತ್ತು ಸಾವಿರ ಶಿಶುಗಳಲ್ಲಿ ಸುಮಾರು ನಾಲ್ವರಿಗೆ ಇದು ಇರುತ್ತದೆ, ಹೆಣ್ಣಿಗಿಂತ ಗಂಡುಮಕ್ಕಳಲ್ಲಿ ಹೆಚ್ಚು. ಕಿರಿದಾದ ಜಾಗಕ್ಕಿಂತ ಮೇಲೆ ಒತ್ತಡ ಏರುತ್ತದೆ, ಕೆಳಗೆ ಇಳಿಯುತ್ತದೆ. ಹಾಗಾಗಿ ಕೈಯ ನಾಡಿ ಗಟ್ಟಿ, ಕಾಲಿನ ನಾಡಿ ಸೋತದ್ದು.

ಇಲ್ಲೊಂದು ವಿಚಿತ್ರವಿದೆ. ತಾಯಿಯ ಗರ್ಭದಲ್ಲಿ ಮಗು ಉಸಿರಾಡುವುದಿಲ್ಲ. ಆದುದರಿಂದ ರಕ್ತವೆಲ್ಲ ಶ್ವಾಸಕೋಶಕ್ಕೆ ಹೋಗಬೇಕಾಗಿಲ್ಲ. ಅದನ್ನು ನೇರವಾಗಿ ಮಹಾಪಧಮನಿಗೆ ದಾಟಿಸುವ ಒಂದು ಒಳದಾರಿ ಇದೆ. ಅದರ ಹೆಸರು ಡಕ್ಟಸ್. ಮಗು ಹುಟ್ಟಿ ಉಸಿರೆಳೆದ ಮೇಲೆ ಕೆಲವೇ ದಿನಗಳಲ್ಲಿ ಆ ದಾರಿಯ ಗೋಡೆ ತಾನಾಗಿಯೇ ಕುಗ್ಗಿ ಮುಚ್ಚಿಕೊಳ್ಳುತ್ತದೆ. ಮುಚ್ಚಬೇಕು, ಅದೇ ಅದರ ಕೆಲಸ. ಆದರೆ ಆ ಗೋಡೆಯ ಅಂಗಾಂಶ ಒಂದಿಷ್ಟು ಪಕ್ಕದ ಮಹಾಪಧಮನಿಯೊಳಕ್ಕೂ ಹಬ್ಬಿದ್ದರೆ, ಅದು ಕುಗ್ಗುವಾಗ ಮಹಾಪಧಮನಿಯೂ ಜೊತೆಗೆ ಕುಗ್ಗುತ್ತದೆ ಎಂಬುದು ವೈದ್ಯರು ಕೊಡುವ ಒಂದು ವಿವರಣೆ. ಗರ್ಭದಲ್ಲಿದ್ದಾಗ ಆ ನಾಳದಲ್ಲಿ ಸಾಕಷ್ಟು ರಕ್ತ ಹರಿಯದೆ ಅದು ಬೆಳೆಯದೆ ಉಳಿಯಿತು ಎಂಬುದು ಇನ್ನೊಂದು. ಕಿರಿದು ತೀವ್ರವಾಗಿದ್ದರೆ ಡಕ್ಟಸ್ ಮುಚ್ಚಿದ ದಿನವೇ ಕೂಸು ಹಾಲು ಬಿಟ್ಟು, ಉಬ್ಬಸಪಟ್ಟು, ತಣ್ಣಗಾಗತೊಡಗುತ್ತದೆ. ಸೌಮ್ಯವಾಗಿದ್ದರೆ ದೇಹವು ಪಕ್ಕೆಲುಬುಗಳ ಕೆಳಗಿನ ಸಣ್ಣ ನಾಳಗಳನ್ನು ಹಿಗ್ಗಿಸಿ ಅಡ್ಡದಾರಿ ಮಾಡಿಕೊಳ್ಳುತ್ತದೆ. ಮಗು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. ಇಟಲಿಯ ವೈದ್ಯ ಮೋರ್ಗಾನಿ 1760ರಲ್ಲಿ ಈ ಕಿರಿದನ್ನು ಕಂಡು ವಿವರಿಸಿದ್ದು ಒಬ್ಬ ಸನ್ಯಾಸಿಯ ಶವಪರೀಕ್ಷೆಯಲ್ಲಿ ಎಂದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬರೆದಿದ್ದಾರೆ. ಮಠದಲ್ಲಿ ಪ್ರಾರ್ಥನೆ ಮಾಡಿಕೊಂಡು ಬಾಳಿದವನಿಗೂ ಹೃದಯದ ನಾಳ ಕಿರಿದಾಗಿತ್ತು!

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ನಮ್ಮ ಆಡುಮಾತಿನಲ್ಲಿ 'ಇದು ಯಾರಿಂದ ಆಯಿತು' ಎಂಬ ಒಂದೇ ವಾಕ್ಯದೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಒಂದು, ಇದರ ಕಾರಣವೇನು? ಇನ್ನೊಂದು, ಇದರ ಅಪರಾಧಿ ಯಾರು? ಮಳೆಗೆ ಗೋಡೆ ಬಿದ್ದರೆ ಕಾರಣವಿದೆ, ಅಪರಾಧವಿಲ್ಲ. ಮಣ್ಣು ಕದ್ದು ಗೋಡೆ ಕಟ್ಟಿದ ಮೇಸ್ತ್ರಿಯಿಂದ ಬಿದ್ದರೆ ಎರಡೂ ಇವೆ. ಅಪರಾಧವಾಗಬೇಕಾದರೆ ತಿಳಿವಳಿಕೆ ಇರಬೇಕು, ಮನಸ್ಸಿನ ಒಪ್ಪಿಗೆ ಇರಬೇಕು. ಧರ್ಮೋಪದೇಶದ ತರಗತಿಯಲ್ಲಿ ಮಾರಕ ಪಾಪದ ಬಗ್ಗೆ ಮಕ್ಕಳಿಗೆ ನಾವು ಕಲಿಸುವುದೂ ಇದನ್ನೇ. ಹೃದಯ ಮತ್ತು ದೊಡ್ಡ ನಾಳಗಳ ರೂಪ ಗರ್ಭದ ಮೊದಲ ಎರಡು ತಿಂಗಳಲ್ಲೇ ಮೂಡಿಬಿಡುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಗರ್ಭಿಣಿ ಎಂಬುದೇ ಅಷ್ಟರೊಳಗೆ ಖಚಿತವಾಗಿರುವುದಿಲ್ಲ. ಆಗ ಆಕೆ ಯಾವ ತಪ್ಪಿಗೆ ಒಪ್ಪಿಗೆ ಕೊಟ್ಟಳು?

ಕೆಲವರು ಇದಕ್ಕೆ ಎದುರು ಮಾತನಾಡಬಹುದು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಕೆಲವು ಜನ್ಮಜಾತ ದೋಷಗಳ ಸಾಧ್ಯತೆ ಹೆಚ್ಚುತ್ತದೆ, ತಾಯಿಗೆ ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಮಗುವಿನ ಹೃದಯದ ದೋಷಗಳು ಹೆಚ್ಚು ಎಂದು ವೈದ್ಯರೇ ಹೇಳುತ್ತಾರಲ್ಲ? ನಿಜ, ಹೇಳುತ್ತಾರೆ. ಸೋದರಮಾವನಿಗೆ ಕೊಡುವ ಪದ್ಧತಿಯನ್ನು ಧರ್ಮಸಭೆ ತಡೆಯುವುದರಲ್ಲಿ ವಿವೇಕವಿದೆ. ಆದರೆ ಸಾಧ್ಯತೆ ಹೆಚ್ಚಿತು ಎಂಬುದು ಮುಂದಿನವರಿಗೆ ಎಚ್ಚರಿಕೆ. ಈಗಾಗಲೇ ಹುಟ್ಟಿದ ಮಗುವಿನ ತಾಯಿಯ ಮುಖಕ್ಕೆ ಎಸೆಯುವ ಕಲ್ಲಲ್ಲ. ಅಷ್ಟಕ್ಕೂ ಆ ಮದುವೆಯನ್ನು ಕೂತು ನಿಶ್ಚಯ ಮಾಡಿದವರು ಯಾರು? ಹೆಚ್ಚಿನ ಸಲ ದೂರುವ ಹಿರಿಯರೇ! ಮೇಲಾಗಿ ಈ ಕಾಯಿಲೆಯ ಹೆಚ್ಚಿನ ಮಕ್ಕಳಲ್ಲಿ ಹೀಗೆ ಬೆರಳು ತೋರಿಸಬಹುದಾದ ಒಂದು ಕಾರಣವೂ ಸಿಗುವುದಿಲ್ಲ.

ವಿಮೋಚನಾಕಾಂಡದಲ್ಲಿ ತಂದೆಗಳ ಪಾಪ ಮೂರು ನಾಲ್ಕು ತಲೆಮಾರಿನವರೆಗೆ ಬರುತ್ತದೆಂಬ ಮಾತು ಇದೆಯಲ್ಲ ಎಂದು ಬೈಬಲ್ ಓದುವವರು ಕೇಳುತ್ತಾರೆ. ಇದೆ. ಆದರೆ ಅಲ್ಲಿಗೇ ಪುಸ್ತಕ ಮುಚ್ಚಬಾರದು. ಪ್ರವಾದಿ ಯೆಜೆಕಿಯೇಲನ ಹದಿನೆಂಟನೆಯ ಅಧ್ಯಾಯ ತೆರೆದರೆ, ತಂದೆಯ ದೋಷವನ್ನು ಮಗ ಹೊರಬೇಕಾಗಿಲ್ಲವೆಂದು ದೇವರೇ ಸ್ಪಷ್ಟಪಡಿಸುತ್ತಾರೆ. ಯೋಬನ ಗ್ರಂಥದಲ್ಲಿ, ನೀನು ಏನೋ ಪಾಪ ಮಾಡಿರಲೇಬೇಕು ಎಂದು ವಾದಿಸಿದ ಸ್ನೇಹಿತರ ಮೇಲೆಯೇ ಕೊನೆಗೆ ದೇವರಿಗೆ ಕೋಪ ಬರುತ್ತದೆ. ಸಂತ ಲೂಕರ ಶುಭಸಂದೇಶದಲ್ಲಿ ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಇತರರಿಗಿಂತ ದೊಡ್ಡ ಪಾಪಿಗಳಾಗಿರಲಿಲ್ಲ ಎಂದು ಯೇಸುಸ್ವಾಮಿ ಹೇಳುತ್ತಾರೆ. ಸಂತ ಎರಡನೇ ಜಾನ್ ಪೌಲ್ ಜಗದ್ಗುರುಗಳು 1984ರಲ್ಲಿ ಮಾನವ ವೇದನೆಯ ಬಗ್ಗೆ ಬರೆದ ಪ್ರೇಷಿತ ಪತ್ರದಲ್ಲಿ, ವೇದನೆಯೆಲ್ಲವೂ ಶಿಕ್ಷೆಯೆಂಬ ಎಣಿಕೆ ಸರಿಯಲ್ಲವೆಂದು ಯೋಬನನ್ನೇ ಸಾಕ್ಷಿಯಾಗಿ ಕರೆದಿದ್ದಾರೆ. ಇಷ್ಟಾದ ಮೇಲೂ ಆ ಅತ್ತೆಯ ಮಾತನ್ನು ವಿಶ್ವಾಸದ ಮಾತು ಎಂದು ಯಾರೂ ತಿಳಿಯಬಾರದು.

ಹಾಗಾದರೆ ದೇವರು ಇದನ್ನು ಮಾಡಿದರೇ? ಸಂತ ತೋಮಸ್ ಅಕ್ವಿನಾಸರು ಕೆಡುಕನ್ನು ಒಂದು ವಸ್ತುವೆಂದು ಎಣಿಸುವುದಿಲ್ಲ. ಇರಬೇಕಾದ ಒಳಿತು ಇಲ್ಲದಿರುವುದೇ ಕೆಡುಕು. ಕಲ್ಲಿಗೆ ನೋಟವಿಲ್ಲದಿರುವುದು ಕೊರತೆಯಲ್ಲ, ಕಣ್ಣಿಗೆ ನೋಟವಿಲ್ಲದಿರುವುದು ಕೊರತೆ. ಸೆಮಿನರಿಯಲ್ಲಿ ಇದನ್ನು ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆವು. ಡಕ್ಟಸಿನ ವಿಷಯ ತಿಳಿದ ಮೇಲೆ ಅದರ ತಿರುಳು ನನಗೆ ಇನ್ನೂ ಹತ್ತಿರವಾಯಿತು. ಆ ಅಂಗಾಂಶ ಕುಗ್ಗುವುದು ಒಳ್ಳೆಯದೇ, ಕುಗ್ಗದಿದ್ದರೆ ಅದೇ ಇನ್ನೊಂದು ಕಾಯಿಲೆ. ತಪ್ಪಿದ್ದು ಜಾಗ. ದೇವರು ಎಲ್ಲೋ ಕುಳಿತು ಒಂದು ಕೂಸಿನ ನಾಳಕ್ಕೆ ದಾರ ಬಿಗಿಯಲಿಲ್ಲ. ಬೆಳೆಯುವ, ಹಿಗ್ಗುವ, ಕುಗ್ಗುವ ಶಕ್ತಿಯನ್ನು ಸೃಷ್ಟಿಗೆ ಕೊಟ್ಟರು. ಆ ಶಕ್ತಿ ಸೀಮಿತವಾದುದರಿಂದ ಕೆಲವೊಮ್ಮೆ ಗುರಿ ತಪ್ಪುತ್ತದೆ, ಅದನ್ನು ಅವರು ತಡೆಯದೆ ಬಿಡುತ್ತಾರೆ. ಯಾಕೆ ಬಿಡುತ್ತಾರೆ, ಅದರಲ್ಲೂ ಈ ಮಗುವಿನಲ್ಲೇ ಯಾಕೆ? ತೋಮಸರ ತರ್ಕ ಅಲ್ಲಿಯವರೆಗೆ ತಾಯಿಯ ಕೈಹಿಡಿದು ನಡೆಸುವುದಿಲ್ಲ. ನಡೆಸುತ್ತದೆಂದು ಹೇಳುವ ಗುರುಗಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಮಧ್ಯಾಹ್ನ ಕೂರುವುದು ಒಳ್ಳೆಯದು. ಹುಟ್ಟುಕುರುಡನ ವಿಷಯದಲ್ಲಿ ಯೇಸುಸ್ವಾಮಿಯೂ ಹಿಂದಿನ ಕಾರಣವನ್ನು ಕೆದಕಲಿಲ್ಲ. ಇವನಲ್ಲಿ ದೇವರ ಕಾರ್ಯ ಪ್ರಕಟವಾಗಬೇಕು ಎಂದರು, ಮಣ್ಣು ಕಲಸಿದರು, ಕಣ್ಣಿಗೆ ಹಚ್ಚಿದರು.

ಮಣ್ಣು ಕಲಸುವ ಆ ಕೆಲಸವನ್ನು ಮರೆತು, 'ದೇವರ ಚಿತ್ತ' ಎಂದು ಕೈಕಟ್ಟಿ ಕೂರುವುದನ್ನು ನಾನು ಒಪ್ಪಲಾರೆ. ಚಿಕಿತ್ಸೆಯಿಲ್ಲದೆ ಬಿಟ್ಟವರ ಸರಾಸರಿ ಆಯುಸ್ಸು ಸುಮಾರು 35 ವರ್ಷ ಎಂದು ಹಳೆಯ ದಾಖಲೆಗಳು ತೋರಿಸಿವೆ. ಹೃದಯ ಸೋಲುವುದು, ಮಿದುಳಿನಲ್ಲಿ ರಕ್ತಸ್ರಾವ, ಮಹಾಪಧಮನಿ ಒಡೆಯುವುದು ಅದರ ದಾರಿ. 1944ರ ಅಕ್ಟೋಬರಿನಲ್ಲಿ, ಯುರೋಪು ಯುದ್ಧದಲ್ಲಿ ಉರಿಯುತ್ತಿದ್ದಾಗ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಕ್ಲಾರೆನ್ಸ್ ಕ್ರಾಫೂರ್ಡ್ ಎಂಬ ಶಸ್ತ್ರವೈದ್ಯರು ಹನ್ನೆರಡು ವರ್ಷದ ಬಾಲಕನ ಕಿರಿದಾದ ಭಾಗವನ್ನು ಕತ್ತರಿಸಿ ತೆಗೆದು ಎರಡು ತುದಿಗಳನ್ನು ಹೊಲಿದರು. ಮರುವರ್ಷ ಬೋಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಅದನ್ನೇ ಮಾಡಿದರು. ಈಗ ಹಸುಗೂಸುಗಳಿಗೂ ಈ ಶಸ್ತ್ರಚಿಕಿತ್ಸೆ ಆಗುತ್ತದೆ. ಡಕ್ಟಸನ್ನು ಕೆಲಕಾಲ ತೆರೆದಿಡುವ ಪ್ರೊಸ್ಟಗ್ಲಾಂಡಿನ್ ಎಂಬ ಔಷಧ ಕೊಟ್ಟು ಮಗುವನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವಷ್ಟು ಸಮಯ ಗಳಿಸಬಹುದು. ದೊಡ್ಡವರಾದರೆ ತೊಡೆಯ ನಾಳದ ಮೂಲಕ ಬಲೂನು, ಸ್ಟೆಂಟ್ ಕಳುಹಿಸಿ ಹಿಗ್ಗಿಸುವುದೂ ಇದೆ. ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಬೇಕೆಂದು ಹೇಳುವುದು ಪ್ರಾರ್ಥನೆಯ ಬದಲಿಗೆ ಅಲ್ಲ, ಪ್ರಾರ್ಥನೆಯ ಜೊತೆಗೆ. ಪ್ರಾರ್ಥನಾಕೂಟದಲ್ಲಿ ಸ್ವಸ್ಥವಾಯಿತೆಂದು ಮಾತ್ರೆ ನಿಲ್ಲಿಸಿದವರು ಮತ್ತೊಮ್ಮೆ ಎಕೋ ಮಾಡಿಸಲಿ. ನಿಜವಾದ ಅದ್ಭುತಕ್ಕೆ ಪರೀಕ್ಷೆಯ ಭಯವಿಲ್ಲ.

ಹಣವಿಲ್ಲದವರಿಗೆ ಒಂದು ಮಾತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹೃದಯದ ದೋಷಗಳೂ ಸೇರಿವೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ವೈದ್ಯರ ತಂಡಕ್ಕೆ ಮಗುವನ್ನು ತೋರಿಸಿ. ಕೈಯ ನಾಡಿಯ ಜೊತೆಗೆ ತೊಡೆಸಂದಿನ ನಾಡಿಯನ್ನೂ ನೋಡಿ ಎಂದು ಕೇಳಲು ನಾಚಬೇಡಿ. ಇದಕ್ಕೆ ಯಂತ್ರವೂ ಬೇಡ, ಎರಡು ಬೆರಳು ಸಾಕು.

ನವಜಾತ ಶಿಶುವಿನ ಜೀವಕ್ಕೆ ಅಪಾಯವಿದ್ದರೆ ಜ್ಞಾನಸ್ನಾನಕ್ಕೆ ಗುರುಗಳು ಬರುವವರೆಗೆ ಕಾಯಬೇಕಾಗಿಲ್ಲ. ನೀರು ಹೊಯ್ದು, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ, ಧರ್ಮಸಭೆಯ ಉದ್ದೇಶದಂತೆ ನರ್ಸಮ್ಮನೂ ಅಜ್ಜಿಯೂ ಕೊಡಬಹುದು. ಆಮೇಲೆ ಧರ್ಮಕೇಂದ್ರಕ್ಕೆ ತಿಳಿಸಿ ನೋಂದಾಯಿಸಿ. ಗರ್ಭದಲ್ಲಿರುವಾಗಲೇ ಸ್ಕ್ಯಾನಿನಲ್ಲಿ ಹೃದಯದ ದೋಷ ಕಂಡವರು, ಒಳ್ಳೆಯ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಲು ಸಿದ್ಧತೆ ಸಿಕ್ಕಿತೆಂದು ತಿಳಿಯಬೇಕು. ಮಗುವನ್ನು ಕಾಪಾಡುವುದಕ್ಕಾಗಿ ಮಾಡುವ ಪರೀಕ್ಷೆಯನ್ನು ಧರ್ಮಸಭೆ ಸ್ವಾಗತಿಸುತ್ತದೆ, ಕಳೆದುಕೊಳ್ಳುವುದಕ್ಕಾಗಿ ಮಾಡುವುದನ್ನು ಅಲ್ಲ.

ಉಳಿದಿರುವುದು ಮನೆಗಳಲ್ಲಿ ಪಿಸುಮಾತಿನಲ್ಲಿ ಕೇಳುವ ಪ್ರಶ್ನೆ. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಾದ ಹುಡುಗಿಗೆ ಗಂಡು ನೋಡುವಾಗ ಇದನ್ನು ಹೇಳಬೇಕೇ? ಹೇಳಬೇಕು. ದಾಂಪತ್ಯ ಜೀವನವನ್ನು ಗಂಭೀರವಾಗಿ ಕದಡಬಲ್ಲ ಸಂಗತಿಯನ್ನು ಒಪ್ಪಿಗೆ ಪಡೆಯಲೆಂದೇ ಮೋಸದಿಂದ ಮುಚ್ಚಿಟ್ಟರೆ ಮದುವೆಯೇ ಅಸಿಂಧುವಾಗಬಹುದು ಎಂದು ಧರ್ಮಸಭೆಯ ಕಾನೂನಿನ 1098ನೆಯ ವಿಧಿ ಹೇಳುತ್ತದೆ. ಸರಿಪಡಿಸಿದ ಕೊಆರ್ಕ್ಟೇಶನ್ ಅಷ್ಟು ಗಂಭೀರವೇ ಎಂಬುದು ಚರ್ಚೆಯ ವಿಷಯ, ಬಹುಶಃ ಅಲ್ಲ. ಆದರೆ ಅದು ಆಯುಷ್ಯಪೂರ್ತಿ ತಪಾಸಣೆ ಬೇಡುವ ಕಾಯಿಲೆ. ನಾಳ ಮತ್ತೆ ಕಿರಿದಾಗಬಹುದು, ರಕ್ತದೊತ್ತಡ ಮರಳಬಹುದು. ಹೆಚ್ಚಿನವರು ತಾಯಿಯಾಗಬಲ್ಲರು, ಆದರೆ ಬಸುರಿನಲ್ಲಿ ಹೃದಯತಜ್ಞರ ನಿಗಾ ಬೇಕೇಬೇಕು. ಗಂಡನಿಗೇ ಗೊತ್ತಿಲ್ಲದಿದ್ದರೆ ಆಕೆ ಯಾರಿಗೆ ಹೆದರಿ ಮಾತ್ರೆಯನ್ನು ಸೆರಗಿನಲ್ಲಿ ಬಚ್ಚಿಡಬೇಕು? ಗಂಡುಮಗನ ಎದೆಯ ಮೇಲಿನ ಗಾಯದ ಗುರುತನ್ನು ಯಾರೂ ಹೀಗೆ ಬಚ್ಚಿಡುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ದಲ್ಲಾಳಿಯ ಬಳಿ ಹೇಳಬೇಕಾಗಿಲ್ಲ, ಊರಿಗೆಲ್ಲ ಸಾರಬೇಕಾಗಿಯೂ ಇಲ್ಲ. ಎರಡೂ ಕಡೆ ಒಪ್ಪಿಗೆಯಾದ ಮೇಲೆ, ನಿಶ್ಚಿತಾರ್ಥಕ್ಕೆ ಮೊದಲು, ವೈದ್ಯರ ಪತ್ರ ಇಟ್ಟುಕೊಂಡು, ಸಾಧ್ಯವಾದರೆ ಹುಡುಗಿಯೇ ಹುಡುಗನಿಗೆ ಹೇಳಲಿ. ಸಂಬಂಧ ಮುರಿದುಬಿದ್ದ ಮನೆಗಳಿವೆ, ಅದನ್ನು ಮುಚ್ಚಿಡಲಾರೆ. ಆದರೆ ಒಂದು ಮನೆಯಲ್ಲಿ ಹುಡುಗನ ತಂದೆ ಪತ್ರ ಓದಿ ಮಡಿಸಿ ವಾಪಸು ಕೊಟ್ಟು, ವರ್ಷಕ್ಕೊಮ್ಮೆಯ ತಪಾಸಣೆಗೆ ಯಾವ ಊರಿಗೆ ಹೋಗಬೇಕು, ಬಸ್ಸು ಎಷ್ಟು ಹೊತ್ತಿಗಿದೆ ಎಂದಷ್ಟೇ ವಿಚಾರಿಸಿದರು.