ಉಂಡ ಮನೆ

ನನ್ನ ಅಕ್ಕನನ್ನು ಎರಡು ವರ್ಷ ಕಾಲ ನಾನು ಸೋಮಾರಿಯೆಂದೇ ಬಗೆದಿದ್ದೆ. ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಾದರೂ ಏಳುತ್ತಿರಲಿಲ್ಲ. ಬೇಸಿಗೆಯಲ್ಲೂ ಶಾಲು ಹೊದೆಯುತ್ತಿದ್ದಳು. ಒಮ್ಮೆ ಬಾಯಿಬಿಟ್ಟು ಅಂದೂಬಿಟ್ಟೆ. ಆಮೇಲೆ ರಕ್ತಪರೀಕ್ಷೆಯಾಯಿತು. ಕೊರಳಿನ ಥೈರಾಯ್ಡ್ ಗ್ರಂಥಿ ಸೊರಗಿದೆ, ಸೊರಗಿಸಿದವರು ಹೊರಗಿನವರಲ್ಲ, ರೋಗಾಣುಗಳೊಡನೆ ಹೋರಾಡಲೆಂದು ಮೈಯಲ್ಲಿರುವ ರಕ್ಷಕ ಜೀವಕೋಶಗಳೇ ಎಂದರು ವೈದ್ಯರು. ಅಕ್ಕ ಕೇಳಿದ್ದು ಒಂದೇ ಮಾತು: "ಹಾಗಾದರೆ ನನ್ನ ಮೈಗೆ ನಾನೇ ಬೇಡವಾದೆನೇನೋ?"

ಈ ಪ್ರಶ್ನೆಗೆ ವಿಜ್ಞಾನವೂ ಬಹುಕಾಲ ತಡವರಿಸಿತು. ಮೈ ತನ್ನ ಮೇಲೆ ತಾನೇ ವಿಷ ಕಾರಲೊಲ್ಲದು ಎಂದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಭಾವಿಸಿದ್ದರು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ ನಾಲ್ವರು ಹೆಂಗಸರ ಥೈರಾಯ್ಡಿನಲ್ಲಿ ರಕ್ಷಕರಾದ ಬಿಳಿ ರಕ್ತಕಣಗಳು ಮುತ್ತಿಕೊಂಡಿದ್ದನ್ನು ಕಂಡು ಬರೆದರು. ಅವು ಅಲ್ಲಿ ಮಾಡುತ್ತಿದ್ದುದೇನೆಂದು ತಿಳಿಯಲು 1956 ಬರಬೇಕಾಯಿತು. ಆ ವರ್ಷ ಅಮೆರಿಕದಲ್ಲಿ ರೋಸ್ ಮತ್ತು ವಿಟೆಬ್ಸ್ಕಿ ಮೊಲಗಳಿಗೆ ಮೊಲದ ಥೈರಾಯ್ಡಿನ ಸಾರವನ್ನೇ ಚುಚ್ಚಿ ಅಂಥದೇ ಉರಿಯೂತ ಹುಟ್ಟಿಸಿದರು. ಲಂಡನ್ನಿನಲ್ಲಿ ರೋಯಿಟ್, ಡೋನಿಯಾಕ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲೇ ಆ ಗ್ರಂಥಿಯ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಕಂಡರು.

ಬೇಲಿಯೇ ಹೊಲ ಮೇಯುವ ಮಾತು ನಮಗೆ ಹೊಸದಲ್ಲ. ಆದರೆ ಇಲ್ಲಿನ ನಂಟು ಇನ್ನೂ ಹತ್ತಿರದ್ದು. ಥೈರಾಯ್ಡ್ ಸ್ರವಿಸುವ ಹಾರ್ಮೋನು ಮೈಯ ಶಾಖಕ್ಕೆ, ಚಟುವಟಿಕೆಗೆ ಬೇಕೆಂಬುದು ಎಲ್ಲರಿಗೂ ಗೊತ್ತು. ಅದು ರಕ್ಷಕ ಕೋಶಗಳನ್ನೂ ತಲುಪುತ್ತದೆ; ಅದನ್ನು ಬರಮಾಡಿಕೊಳ್ಳುವ ಗ್ರಾಹಕಗಳು ಅವುಗಳೊಳಗಿವೆ. ಡೆಂಡ್ರೈಟಿಕ್ ಕೋಶಗಳೆಂಬುವು ಕಾವಲುಗಾರರಿದ್ದಂತೆ. ಸಿಕ್ಕಿದ ವಸ್ತುವಿನ ಚೂರನ್ನು ಟಿ-ಕೋಶಗಳೆಂಬ ಸೈನಿಕರಿಗೆ ತೋರಿಸುವುದು ಅವುಗಳ ಕೆಲಸ. ಈ ಹಾರ್ಮೋನು ಸೋಕಿದಾಗ ಕಾವಲುಗಾರರು ಬಲಿತು, ಸೈನಿಕರನ್ನು ಉರಿಯೂತಕ್ಕೆ ಹುರಿದುಂಬಿಸುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಎಂದ ಮೇಲೆ, ಯಾವ ಮನೆಯನ್ನು ಕೆಡವುತ್ತಿದ್ದಾರೋ ಆ ಮನೆಯ ಅನ್ನವೇ ಅವರ ತೋಳಿಗೆ ಕಸುವು! ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಅಲ್ಲವೆ?

ಅಲ್ಲವೆಂದು ಈಗ ನನಗೆ ತೋರುತ್ತದೆ. ಬಗೆ ಎಂದರೆ ಮನಸ್ಸು. (ಕನ್ನಡದ ಮೇಷ್ಟರಿಗೆ ಇಷ್ಟು ಸಲುಗೆ ಇರಲಿ.) ಎರಡು ಬಗೆಯಬೇಕಾದರೆ ಒಂದು ಬಗೆಯಾದರೂ ಇರಬೇಕಷ್ಟೆ. ಕೋಶಕ್ಕೆ ಅದಿಲ್ಲ. ತನ್ನದು ಯಾವುದೆಂಬ ಗುರುತನ್ನು ಟಿ-ಕೋಶಗಳು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಕಲಿಯುತ್ತವೆ. ತಪ್ಪುವವು ಬಹುಮಟ್ಟಿಗೆ ಅಲ್ಲೇ ಅಳಿಯುತ್ತವೆ. ಕೆಲವು ನುಣುಚಿಕೊಳ್ಳುತ್ತವೆ, ಅದೂ ಆರೋಗ್ಯವಂತರ ಮೈಯಲ್ಲೇ. ಅಂಥವನ್ನು ತಡೆದು ನಿಲ್ಲಿಸುವ ಬೇರೆ ಟಿ-ಕೋಶಗಳಿವೆ. ಅವುಗಳ ಪರಿಚಯ ಮಾಡಿಕೊಟ್ಟ ಜಪಾನಿನ ಸಕಾಗುಚಿ, ಅಮೆರಿಕದ ಬ್ರಂಕೋ, ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂದಿತು. ಹಾಗಾದರೆ ಅಕ್ಕನ ಮೈಯನ್ನು ಮುರಿಯುವವರಂಥವರು ನನ್ನ ಮೈಯಲ್ಲೂ ಇದ್ದಾರು. ಅಲ್ಲಿ ತಡೆಯುವ ಕೈ ಸಡಿಲಿತು, ಇಲ್ಲಿ ಇನ್ನೂ ಸಡಿಲಿಲ್ಲ.

ಕೋಶಗಳಿಗೆ ಕೊಟ್ಟ ಈ ಮಾಫಿಯನ್ನು ನನಗೆ ನಾನು ಕೊಟ್ಟುಕೊಳ್ಳಲಾರೆ. ಬಗೆ ಇದ್ದವನು ನಾನು. ಕಾಲೇಜು ಓದುವಾಗ ನಾಲ್ಕು ವರ್ಷ ನಾನು ಉಂಡದ್ದು ಅವಳ ಮನೆಯಲ್ಲೇ.

ಈಗ ಅವಳು ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ, ಕಾಫಿಗಾಗಿ ಗಡಿಯಾರ ನೋಡುತ್ತ ಕೂರುತ್ತಾಳೆ. ಮೊನ್ನೆ ಆ ಬಿಡುವಿನಲ್ಲಿ ಇದನ್ನೆಲ್ಲ ವಿವರಿಸಿದೆ. ಮೊಲಗಳ ವಿಷಯವನ್ನೂ ಹೇಳಿದೆ.

"ಪಾಪ, ಅವೇನು ಮಾಡಿದ್ದುವೋ!" ಎಂದಳು.