ಪತ್ರದ ಜೊತೆ ಹೋದ ಒನೇಸಿಮ

 

ಯೌವನಸ್ಥರೇ, ಎದುರಿಗೆ ನಿಂತು ಹೇಳಲಾಗದ ಮಾತನ್ನು ಫೋನಿನಲ್ಲಿ ಹೇಳಿದ್ರೆ ಅದು ಹೇಳಿದಂತಾಯ್ತಾ? ಇದೇ ಇವತ್ತಿನ ಪ್ರಶ್ನೆ.

ರಾಮದುರ್ಗ ತಾಲ್ಲೂಕಿನ ಸುರೇಬಾನಕ್ಕೆ ಸೇವೆಗೆ ಹೋದಾಗ ಒಬ್ಬ ತಾಯಿ ಹೇಳಿದ್ರು, "ಬ್ರದರ್, ನಮ್ಮ ಹುಡುಗ ಇನ್‌ಸ್ಟಾಗ್ರಾಮ್‌ನ್ಯಾಗ ಊರಿಗೆಲ್ಲಾ ಮಾತಾಡ್ತಾನ. ಮನೀಗೆ ಮಂದಿ ಬಂದ್ರ ಒಳಗ ಹೋಗಿ ಕುಂದರ್ತಾನ." ಹುಡುಗ ಹತ್ತನೇ ಕ್ಲಾಸು. ಗೆಳೆಯನ ಜೊತೆ ಜಗಳ, ಒಂದೇ ಬೆಂಚು, ಹದಿನೈದು ದಿನದಿಂದ ಮಾತಿಲ್ಲ. ಯಾಕಪ್ಪಾ ಅಂದ್ರೆ, "ಸಾರಿ ಕಳಿಸೀನ್ರಿ. ನೀಲಿ ಟಿಕ್ ಬಂದೈತಿ" ಅಂದ.

ಫೋನ್ ಸೈತಾನನದು ಅಂತ ನಾನು ಹೇಳಲ್ಲ. ನಾಚಿಕೆ ಸ್ವಭಾವದ ಎಷ್ಟೋ ಮಕ್ಕಳು ತಮ್ಮ ದುಃಖವನ್ನು ಮೊದಲು ಟೈಪ್ ಮಾಡಿಯೇ ಹೇಳೋದು. ಪೌಲನ ಪತ್ರಗಳು ಗಡುಸು, ಎದುರಿಗೆ ಬಂದ್ರೆ ಆಳು ಸಪ್ಪೆ ಅಂತ ಕೊರಿಂಥದವರೂ ಆಡಿಕೊಂಡಿದ್ರು (2 ಕೊರಿಂಥ 10). ಆದ್ರೂ ಪೌಲ ಬರೆಯೋದನ್ನ ಬಿಡಲಿಲ್ಲ, ಹೋಗೋದನ್ನೂ ಬಿಡಲಿಲ್ಲ.

ಮುಖ ಓದೋದು ಅಭ್ಯಾಸದಿಂದ ಬರುವ ವಿದ್ಯೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಆರನೇ ತರಗತಿಯ 51 ಮಕ್ಕಳು ಐದು ದಿನ ಸ್ಕ್ರೀನ್ ಇಲ್ಲದ ಶಿಬಿರದಲ್ಲಿದ್ರು. ಎದುರಿನವರ ಭಾವನೆ ಗುರುತಿಸೋದ್ರಲ್ಲಿ ಅವರು ಶಿಬಿರಕ್ಕೆ ಹೋಗದವರಿಗಿಂತ ಹೆಚ್ಚು ಸುಧಾರಿಸಿದ್ರು. ಸಣ್ಣ ಅಧ್ಯಯನ, ನಿಜ. ಆದರೆ ಐದೇ ದಿನ!

ನಮ್ಮ ಬೆಳಗಾವಿ ಪಕ್ಕದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗಿಸಿ, ಒಂದೂವರೆ ತಾಸು ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ತಂದ್ರು. ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಹದಿನಾರು ತುಂಬದವರಿಗೆ ಸೋಷಿಯಲ್ ಮೀಡಿಯಾ ಅಕೌಂಟೇ ಇಲ್ಲ. ಒಳ್ಳೆಯದೇ ಇರಬಹುದು. ಆದ್ರೆ ಆ ಬೆಂಚಿನ ಮೇಲಿನ ಇಬ್ಬರನ್ನು ಸರ್ಕಾರ ಮಾತಾಡಿಸೋದು ಹೇಗೆ?

ಈಗ ಫಿಲೆಮೋನನ ಪತ್ರ ತೆಗೀರಿ. ಬರೀ 25 ವಚನ. ಒನೇಸಿಮ ಯಜಮಾನನನ್ನು ಬಿಟ್ಟು ಹೋಗಿದ್ದ ದಾಸ. ಪೌಲ ಅವನ ಪರವಾಗಿ ಎಷ್ಟು ಚೆನ್ನಾಗಿ ಬರೀತಾನೆ ನೋಡಿ, ಸಾಲ ಇದ್ರೆ ನನ್ನ ಲೆಕ್ಕಕ್ಕೆ ಹಾಕು ಅಂತಾನೆ. ತುಖಿಕ ಹೇಗೂ ಕೊಲೊಸ್ಸೆಗೆ ಹೊರಟಿದ್ದ, ಪತ್ರ ಅವನ ಕೈಲಿ ಕೊಟ್ಟಿದ್ರೆ ಸಾಕಿತ್ತು. ಪೌಲ ಒನೇಸಿಮನನ್ನೇ ಕಳಿಸಿದ. ಆ ಕಾಲದಲ್ಲಿ ಯಜಮಾನ ದಾಸನನ್ನು ಹೊಡೆಯಬಹುದಿತ್ತು, ಸಂಕೋಲೆ ಹಾಕಬಹುದಿತ್ತು. ಬಾಗಿಲು ತಟ್ಟುವಾಗ ಆ ಮನುಷ್ಯನ ಎದೆ ಹೇಗೆ ಬಡಕೊಂಡಿರಬೇಕು! ಕ್ಷಮೆ ಕೇಳುವವನು ಬೇಡ ಅನ್ನಿಸಿಕೊಳ್ಳೋಕೂ ತಯಾರಾಗಿ ನಿಲ್ಲಬೇಕು. ನೀಲಿ ಟಿಕ್ ಹಿಂದೆ ಕೂತವನಿಗೆ ಆ ಭಯವಿಲ್ಲ. ಹಾಗೇ, ಯಜಮಾನ ಬಾಗಿಲು ತೆರೆದು ಒಳಗೆ ಕರೆಯುವಾಗಿನ ಸಂತೋಷವೂ ಇಲ್ಲ.

ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಅವನ ಹತ್ತಿರ ಹೋಗು ಅಂತ ಯೇಸು ಹೇಳಿದ್ದು ಮತ್ತಾಯ 5ರಲ್ಲಿದೆ.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ಪ್ರಾರ್ಥನೆಯಲ್ಲಿ ಯಾರದಾದರೂ ಮುಖ ನೆನಪಿಗೆ ಬಂದ್ರೆ, ಅವರ ಮನೆ ಕಡೆ ಹೋಗುವ ಬಸ್ ನಂಬರನ್ನೂ ನೆನಪು ಮಾಡ್ಕೊಳ್ಳಿ. ಆಮೆನ್.